ಉಸಿರಿನ ಡಬ್ಬಿ

ಆ ಸ್ಟುಡಿಯೋದಲ್ಲಿ ಯಾರಿಗೂ ಸ್ವಂತ ಹೆಸರು ಉಳಿದಿರಲಿಲ್ಲ. ಅರಮನೆಯ ಕಾವಲುಪಡೆಯ ಕಥೆ ಹೇಳುವ ಆ ವಿದೇಶೀ ಧಾರಾವಾಹಿ ಶುರುವಾದಂದಿನಿಂದ, ಅದಕ್ಕೆ ನಮ್ಮ ಭಾಷೆಯಲ್ಲಿ ದನಿ ಕೊಡುವವರೆಲ್ಲ ತಂತಮ್ಮ ಪಾತ್ರದ ಹೆಸರಿನಲ್ಲೇ ಓಡಾಡುತ್ತಿದ್ದರು. ಗೇಟಿನಲ್ಲಿ ಕೂತ ಕಾವಲಿನವನು ಕೂಡ ಒಳಗೆ ಫೋನು ಮಾಡಿ, "ಮಹಾರಾಣಿ ಬಂದ್ರು, ಮಂಡಿ ನೋವಂತೆ, ಲಿಫ್ಟು ಕೆಳಗೆ ಕಳ್ಸಿ" ಅನ್ನುತ್ತಿದ್ದ.

ಮಹಾರಾಣಿ ಅಂದರೆ ಬೂದು ಶಾಲು ಹೊದ್ದು, ಕೈಯಲ್ಲಿ ಬಿಸಿನೀರಿನ ಫ್ಲಾಸ್ಕು ಹಿಡಿದು ಬರುವ ಅರವತ್ತು ದಾಟಿದ ಹೆಂಗಸು. ಅವಳ ಗಂಡ ಸರದಾರ, ಅಂದರೆ ಕಾವಲುಪಡೆಯ ನಾಯಕನ ದನಿ. ಪರದೆಯ ಮೇಲಿನ ಸರದಾರ ಆರಡಿ ಆಳು, ನೀಲಿ ನಿಲುವಂಗಿ, ಗಾಳಿಗೆ ಹಾರುವ ಕೂದಲು. ಈ ಸರದಾರರು ಕುಳ್ಳಗೆ, ಬೊಕ್ಕತಲೆ, ಮೆಟ್ಟಿಲು ಹತ್ತಿದರೆ ಏದುಸಿರು. ಆದರೆ ಮೈಕಿನ ಮುಂದೆ ನಿಂತು "ಕತ್ತಿ ಕೆಳಗಿಡು" ಅಂದರೆ ಗಾಜಿನಾಚೆ ಕೂತ ಸೌಂಡ್ ಇಂಜಿನಿಯರ್ ಕೈಯಲ್ಲಿದ್ದ ಪೆನ್ನನ್ನು ಕೆಳಗಿಡುತ್ತಿದ್ದ.

ಕಥೆಯೇನೋ ಬಲು ಜೋರಿನದು. ಕಂಡ ಕಂಡ ಮೆಟ್ಟಿಲ ಮೇಲೆಲ್ಲ ಕತ್ತಿವರಸೆ, ಕಿಟಕಿಯಿಂದ ನೇರ ಕುದುರೆಯ ಬೆನ್ನಿಗೆ ಜಿಗಿತ, ಉಂಗುರದೊಳಗೆ ವಿಷ, ಗೋಡೆಯೊಳಗೆ ಬಾಗಿಲು, ಬಾಗಿಲ ಹಿಂದೆ ಒಂದು ಕಿವಿ. ರಾಣಿಯೂ ಸರದಾರನೂ ಒಂದೇ ಹೊಳೆಯ ದಂಡೆಯಲ್ಲಿ ಆಡಿ ಬೆಳೆದವರು. ಅವಳು ಸಿಂಹಾಸನಕ್ಕೆ ಹೋದಳು, ಅವನು ಅವಳ ಬಾಗಿಲು ಕಾಯಲು ಬಂದ. ಮನಸ್ಸಿನಲ್ಲಿದ್ದದ್ದನ್ನು ಇಬ್ಬರೂ ಬಾಯಿಬಿಟ್ಟು ಆಡಲಿಲ್ಲ. ನಡುವೆ ಮಂತ್ರಿ, ನಗುನಗುತ್ತಲೇ ಮುಳ್ಳಾಗುವವನು.

ಈಗ ದನಿ ಕೊಡುವವರೆಲ್ಲ ಬೇರೆ ಬೇರೆ ಹೊತ್ತಿಗೆ ಬಂದು ಒಬ್ಬೊಬ್ಬರೇ ಹೇಳಿ ಹೋಗುವುದು ಪದ್ಧತಿ. ಇವರಿಬ್ಬರು ಮಾತ್ರ ಹಳೆಯ ಕಾಲದವರಂತೆ ಒಟ್ಟಿಗೇ ನಿಲ್ಲುತ್ತಿದ್ದರು. ಪರದೆಯ ರಾಣಿ ಬಾಯಿ ತೆರೆಯುವ ಕ್ಷಣ ಮಹಾರಾಣಿಗೆ ಒಮ್ಮೊಮ್ಮೆ ತಪ್ಪಿಹೋಗುತ್ತಿತ್ತು. ಅದಕ್ಕೆ ಸರದಾರರು ಅವಳ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟುಕೊಂಡಿದ್ದು, ಸರಿಯಾದ ಹೊತ್ತಿಗೆ ಮೆಲ್ಲಗೆ ತಟ್ಟುವರು. ತಟ್ಟಿದ ಕೂಡಲೇ ಅವಳ ಮಾತು. ಇಷ್ಟು ವರ್ಷದಲ್ಲಿ ಆ ಬೆರಳು ತಪ್ಪಿದ್ದಿಲ್ಲ.

ತಮ್ಮ ವಿಷಯದಲ್ಲಿ ಮಾತ್ರ ಸರದಾರರಿಗೆ ತೃಪ್ತಿಯೆಂಬುದು ಇರಲಿಲ್ಲ. ಎಷ್ಟು ಚೆನ್ನಾಗಿ ಬಂದಿದ್ದರೂ ತೋರುಬೆರಳು ಎತ್ತಿ, "ಇನ್ನೊಂದು ಟೇಕು" ಅನ್ನುವರು.

"ಅಣ್ಣಾ, ನಿನ್ನ ಇನ್ನೊಂದು ಟೇಕು ಮುಗಿಯೋ ಹೊತ್ತಿಗೆ ನನಗೆ ಇನ್ನೊಂದು ಜನ್ಮ ಬರುತ್ತೆ," ಎಂದು ಮಂತ್ರಿಯ ದನಿಯವನು ಹೊರಗಿನ ಬೆಂಚಿನಿಂದ ಕೂಗುತ್ತಿದ್ದ. ಪರದೆಯ ಮೇಲೆ ಎಲ್ಲರಿಗೂ ವಿಷ ಹಾಕುವ ಈ ಮನುಷ್ಯ ಬೀದಿನಾಯಿಗಳಿಗೆಂದು ಜೇಬಿನಲ್ಲಿ ಬಿಸ್ಕತ್ತು ಇಟ್ಟುಕೊಂಡು ಬರುತ್ತಿದ್ದ.

ಗಂಟಲ ಕಾಯಿಲೆ ಮೊದಲು ಗೊತ್ತಾದದ್ದು ಇಂಜಿನಿಯರ್‌ಗೆ. ಹೆಡ್‌ಫೋನಿನಲ್ಲಿ ಕೇಳಿಸಿದ್ದು ಬರಿಕಿವಿಗೆ ಕೇಳಿಸುವುದಿಲ್ಲ. ಒಂದು ದಿನ ಅವನು ಹೊರಗೆ ಬಂದು, "ಅಕ್ಕಾ, ಸರ್ ಗಂಟಲಲ್ಲಿ ಏನೋ ಕರಕರ ಅಂತಿದೆ. ಶೀತದ್ದಲ್ಲ. ತೋರಿಸ್ಬಿಡಿ," ಅಂದ. ತೋರಿಸಿದರು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದಾಯಿತು.

ಧಾರಾವಾಹಿಯ ಕೊನೆಯ ಕಂತು ಆಗ ಇನ್ನೂ ಬಂದಿರಲಿಲ್ಲ. ಅದು ಬರುವ ತನಕ ಆಪರೇಷನ್ ಮುಂದೆ ಹಾಕಿ ಎಂದು ಸರದಾರರು ಕೇಳಿಕೊಂಡರು. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, "ನಮ್ಮ ಮನೇಲೂ ನೋಡ್ತೀವಿ. ನನ್ನ ತಾಯಿಗಂತೂ ನೀವಂದ್ರೆ ಪ್ರಾಣ. ಆದ್ರೆ ಆಗಲ್ಲ," ಅಂದರು. ಆಗುವುದಿಲ್ಲ ಎನ್ನುವುದನ್ನೂ ಅಷ್ಟು ಮೆತ್ತಗೆ ಹೇಳಿದರಲ್ಲ ಎಂದು ಮಹಾರಾಣಿ ಬಹಳ ದಿನ ನೆನೆದಳು.

ದನಿಯ ಕೆಲಸದಲ್ಲಿ ಉಸಿರಿನ ಡಬ್ಬಿ ಎಂದೊಂದು ಇರುತ್ತದೆ. ಕಂಪ್ಯೂಟರಿನಲ್ಲಿ ಪ್ರತಿಯೊಬ್ಬರ ಹೆಸರಿಗೂ ಒಂದೊಂದು. ನಿಟ್ಟುಸಿರು, ಏದುಸಿರು, ಕತ್ತಿ ಬೀಸುವಾಗಿನ "ಹ್ಞಾ", ಪೆಟ್ಟು ತಿಂದಾಗಿನ "ಅಹ್", ಕೆಮ್ಮು, ನಗು ಎಲ್ಲವನ್ನೂ ಒಮ್ಮೆ ಹೇಳಿಸಿ ತುಂಬಿಟ್ಟುಕೊಂಡರೆ ಬೇಕಾದಾಗ ಬೇಕಾದ್ದನ್ನು ಎತ್ತಿ ಜೋಡಿಸಬಹುದು. ಆಸ್ಪತ್ರೆಗೆ ಸೇರುವ ಮುಂಚೆ ಒಂದು ಮಧ್ಯಾಹ್ನ ಪೂರ್ತಿ ಸರದಾರರು ತಮ್ಮ ಡಬ್ಬಿ ತುಂಬಿದರು. ಕೊನೆಯ ಕಂತಿನಲ್ಲಿ ಬೇಕಾದೀತು ಎಂದು ಊಹಿಸಿ "ಯಾರಲ್ಲಿ?", "ಬಾಗಿಲು ಮುಚ್ಚಿ", "ಮಹಾರಾಣಿಯವರೇ" ಇಂಥ ಮಾತುಗಳನ್ನೂ ಬೇರೆ ಬೇರೆ ರೀತಿಯಲ್ಲಿ ಹೇಳಿಟ್ಟರು. ಪ್ರತಿಯೊಂದಕ್ಕೂ ಇನ್ನೊಂದು ಟೇಕು. ಅಂದು ಮಂತ್ರಿ ಬೆಂಚಿನಿಂದ ಕೂಗಲಿಲ್ಲ.

ಆಪರೇಷನ್ ಆಯಿತು. ಸರದಾರರ ಕುತ್ತಿಗೆಯಲ್ಲಿ ಈಗ ಒಂದು ಸಣ್ಣ ತೂತು, ಅದರ ಮೇಲೆ ತೆಳು ಬಟ್ಟೆ. ಉಸಿರು ಅಲ್ಲಿಂದಲೇ ಹೋಗಿ ಬರುತ್ತದೆ. ನಿಟ್ಟುಸಿರು ಬಿಟ್ಟರೂ ಬಾಯಿಗೆ ಬರುವುದಿಲ್ಲ. ಮನೆಯಲ್ಲಿ ಟಿವಿಯಲ್ಲಿ ಹಳೆಯ ಕಂತು ಬಂದು ಸರದಾರನ ದನಿ ಕೇಳಿದರೆ ಸಾಕು, ಎದ್ದು ಆರಿಸಿಬಿಡುವರು. ಮಹಾರಾಣಿ ರಿಮೋಟನ್ನು ಅವರ ಕೈಗೆ ಸಿಗುವಂತೆ ಇಡುವಳು.

ಅವಳಿಗೆ ಇನ್ನೊಂದು ಕೊರಗಿತ್ತು. ಆಸ್ಪತ್ರೆಗೆ ಹೊರಟ ಬೆಳಗ್ಗೆ ಅವರು ಕಡೆಯದಾಗಿ ಏನು ಹೇಳಿದರು ಎಂಬುದು ಅವಳಿಗೆ ನೆನಪಿರಲಿಲ್ಲ. ಕನ್ನಡಕದ ವಿಷಯ ಇರಬೇಕು. ಇಲ್ಲವೆ ಕಿಟಕಿ ಮುಚ್ಚಿದೆಯಾ ಎಂದೋ. ಆಗ ಅವಳು ಚೀಲದೊಳಗೆ ಟವೆಲು ತುರುಕುತ್ತಿದ್ದಳು. ಕಾವಲುಪಡೆಯ ನಾಯಕನ ಗರ್ಜನೆ ಬೇಕೆಂದರೆ ರಾಶಿ ರಾಶಿ ಇದೆ, ಊರಿಗೆಲ್ಲ ಹಂಚುವಷ್ಟು. ತನ್ನ ಗಂಡ ಮನೆಮಾತಿನಲ್ಲಿ ಆಡಿದ ಒಂದು ಪದವೂ ಎಲ್ಲೂ ಇಲ್ಲ.

ಕೊನೆಯ ಕಂತು ಬಂತು. ಅದರ ಮಾತುಗಳನ್ನು ನಮ್ಮ ಭಾಷೆಗೆ ತಂದು, ದನಿ ಹೇಳಿಸುವ ಹೊಣೆಯನ್ನೂ ಹೊತ್ತಿದ್ದ ಮೇಷ್ಟ್ರು ಎಲ್ಲರನ್ನೂ ಕರೆದು ಕೂರಿಸಿದರು. ಸರದಾರರೂ ಬಂದಿದ್ದರು. ಅವರನ್ನು ಯಾರೂ ಕರೆದಿರಲಿಲ್ಲ, ಬೇಡವೆಂದು ಹೇಳುವ ಧೈರ್ಯವೂ ಯಾರಿಗಿರಲಿಲ್ಲ. ಇಂಜಿನಿಯರ್ ಅವರ ಹಳೆಯ ಸ್ಟೂಲನ್ನು ಅವರ ಎತ್ತರಕ್ಕೇ ಇಟ್ಟಿದ್ದ. ಇಷ್ಟು ದಿನ ಅದನ್ನು ಯಾರಿಗೂ ತಿರುಗಿಸಲು ಬಿಟ್ಟಿರಲಿಲ್ಲವಂತೆ.

"ಸರದಾರ ಸಾಯ್ತಾನೆ," ಅಂದರು ಮೇಷ್ಟ್ರು. "ಮಂತ್ರಿ ಕೈಯಲ್ಲೇ."

ಮೇಷ್ಟ್ರು ಕೈಯಲ್ಲಿದ್ದ ಹಾಳೆ ತಿರುಗಿಸಿದರು.

"ಸಾಯೋಕೆ ಮುಂಚೆ ಉದ್ದದ ಮಾತಿದೆ. ಮುಖಾನೇ ತೋರಿಸ್ತಾರೆ, ಮಾತು ತುಟಿಗೆ ಕೂಡ್ಬೇಕು. ಡಬ್ಬಿಯಿಂದ ಆಗಲ್ಲ." ಮೇಷ್ಟ್ರು ಸರದಾರರ ಕಡೆ ನೋಡದೆ ಹೇಳಿದರು. "ಹೊಸಬರನ್ನ ಕರೆಸೋದಕ್ಕಿಂತ ನಮ್ಮವರೇ ಆದ್ರೆ ವಾಸಿ. ಸರದಾರರ ಧಾಟಿ ಹತ್ತಿರದಿಂದ ಕೇಳಿರೋನು ಅಂದ್ರೆ..."

ಮಂತ್ರಿ ತಲೆ ತಗ್ಗಿಸಿದ. "ನಾನೇ ಕೊಂದು, ನಾನೇ ಸಾಯ್ಬೇಕಾ? ಏನಣ್ಣಾ ಇದು ನನ್ನ ಹಣೇಬರಹ."

ಸರದಾರರು ನಕ್ಕರು. ದನಿಯಿಲ್ಲದ ನಗು, ಹೆಗಲು ಮಾತ್ರ ಕುಣಿಯಿತು. ಅವನ ಬೆನ್ನು ತಟ್ಟಿದರು. ಆಮೇಲೆ ಮುಖ ತೊಳೆಯಲು ಹೊರಟವರಂತೆ ಎದ್ದು ಹೋದರು. ಬಹಳ ಹೊತ್ತಾದರೂ ಬರಲಿಲ್ಲವೆಂದು ಮಹಾರಾಣಿ ಹೋಗಿ ನೋಡಿದರೆ, ಕಾರಿಡಾರಿನ ಕೊನೆಯ ಕಿಟಕಿಯ ಹತ್ತಿರ ನಿಂತಿದ್ದರು. ಕುತ್ತಿಗೆಯ ಬಟ್ಟೆ ಒದ್ದೆಯಾಗಿತ್ತು. ಜೀವಮಾನದಲ್ಲಿ ಒಂದೇ ಒಂದು ದೊಡ್ಡ ಪಾತ್ರ ಸಿಕ್ಕಿತ್ತು ಅವರಿಗೆ. ಅದನ್ನು ದಡ ಮುಟ್ಟಿಸುವುದು ಅವರ ಪಾಲಿಗೆ ಬರಲಿಲ್ಲ.

ಕಾಯಿಲೆ ಮತ್ತೆ ಮರಳಿದೆ, ಈ ಸಲ ಎದೆಗೆ ಇಳಿದಿದೆ ಎಂದು ಡಾಕ್ಟರು ಹೇಳಿ ಆಗ ಒಂದು ವಾರವಾಗಿತ್ತು. ಅದು ಅವರಿಬ್ಬರಿಗೆ ಮಾತ್ರ ಗೊತ್ತಿದ್ದ ವಿಷಯ.

ಮರುದಿನ ಇಂಜಿನಿಯರ್ ಮಹಾರಾಣಿಯೊಬ್ಬಳನ್ನೇ ತನ್ನ ಗಾಜಿನ ಕೋಣೆಗೆ ಕರೆದ. ಕುರ್ಚಿಯ ಮೇಲಿದ್ದ ತನ್ನ ಕೋಟನ್ನು ಮಡಿಸಿ ಮೆತ್ತೆಯಂತೆ ಹಾಸಿ ಕೂರಿಸಿದ.

"ಅಕ್ಕಾ, ಒಂದು ತಪ್ಪಾಗಿದೆ ನನ್ನಿಂದ. ಬೈಬೇಡಿ."

"ಬೈಯೋ ವಯಸ್ಸು ದಾಟಿದೆ ನಂಗೆ. ಹೇಳಪ್ಪ."

"ಅವತ್ತು ಸರ್ ಡಬ್ಬಿ ತುಂಬಿದ್ರಲ್ಲ, ಮುಗಿದ್ಮೇಲೆ ನಾನು ಮೈಕು ಆರಿಸೋದೇ ಮರೆತು ಹೊರಗೆ ಹೋಗ್ಬಿಟ್ಟೆ. ನಂಗೆ ಅಲ್ಲಿ ನಿಂತಿರೋಕಾಗ್ಲಿಲ್ಲ. ಕಣ್ಣು ಒರೆಸ್ಕೊಂಡು ಬರೋಷ್ಟರಲ್ಲಿ ನೀವಿಬ್ರೂ ಹೊರಟಿದ್ರಿ. ನಿನ್ನೆ ಉಸಿರು ಹುಡುಕ್ತಾ ಇರ್ಬೇಕಾದ್ರೆ ಸಿಕ್ತು."

ಅವನು ಹೆಡ್‌ಫೋನನ್ನು ಅಂಗಿಯ ತುದಿಯಿಂದ ಒರೆಸಿ ಅವಳ ಕೈಗಿತ್ತ.

ಮೊದಲು ಏನೂ ಇಲ್ಲ, ಖಾಲಿ ಕೋಣೆಯ ಗುಂಯ್ ಸದ್ದು. ಆಮೇಲೆ ವೈರು ನೆಲದ ಮೇಲೆ ಎಳೆದ ಸದ್ದು. ಅದು ಅವಳೇ. ಕೆಲಸ ಮುಗಿದ ಮೇಲೆ ಹೆಡ್‌ಫೋನಿನ ವೈರುಗಳನ್ನು ಸುರುಳಿ ಸುತ್ತಿ ಕೊಕ್ಕೆಗೆ ಹಾಕದೆ ಹೊರಡುವವಳಲ್ಲ ಅವಳು. ಅಲ್ಲಿ ಅದಕ್ಕೆಂದೇ ಜನರಿದ್ದಾರೆ ಎಂದರೂ ಕೇಳುವವಳಲ್ಲ. ಬಾಗಿಲು ಕಿರುಗುಟ್ಟಿತು. ಆಮೇಲೆ ಅವರ ದನಿ. ದಣಿದದ್ದು, ಸ್ವಲ್ಪ ಒಡೆದದ್ದು, ಒಂದಿಷ್ಟೂ ಸರದಾರನದಲ್ಲದ್ದು.

"ಸಾಕು ಬಾರೇ. ಕತ್ತಲಾಗ್ತಾ ಬಂತು. ಮನೆಗೆ ಹೋಗೋಣ."

ಅವಳ ದನಿ, ದೂರದಿಂದ: "ಬಂದೆ, ಇರಿ."

ಅಷ್ಟೇ.

ಮಹಾರಾಣಿ ಮತ್ತೊಮ್ಮೆ ಹಾಕು ಎನ್ನಲಿಲ್ಲ. ಇಂಜಿನಿಯರ್ ತಾನಾಗಿಯೇ ಮತ್ತೆ ಹಾಕಿ, ಕುರ್ಚಿ ತಿರುಗಿಸಿಕೊಂಡು ಗೋಡೆಯ ಕಡೆ ಮುಖ ಮಾಡಿ ಕೂತ.

ಆಮೇಲೆ ಮೇಷ್ಟ್ರು ಬಂದರು. ಇಂಜಿನಿಯರ್ ಅವರಿಗೆ ವಿಷಯ ಹೇಳಿದ್ದ. ಬಾಗಿಲಲ್ಲೇ ನಿಂತು ಕೈ ಹೊಸೆಯುತ್ತ ಹೇಳಿದರು. "ತಾಯಿ, ಇದನ್ನ ಕೇಳೋಕೆ ನನಗೆ ನಾಲಿಗೆ ಬರ್ತಿಲ್ಲ. ಆದ್ರೂ ಕೇಳ್ತೀನಿ. ಕೊನೇ ದೃಶ್ಯದಲ್ಲಿ ಆ ಉದ್ದದ ಮಾತು ಮುಗಿದ್ಮೇಲೆ, ಸರದಾರನಿಗೆ ಜ್ವರದ ಕನವರಿಕೆ ಥರ ಆಗುತ್ತೆ. ಚಿಕ್ಕೋರಿದ್ದಾಗ ಹೊಳೆ ದಂಡೇಲಿ ಆಡ್ತಿದ್ದೀವಿ ಅಂದ್ಕೊಳ್ತಾನೆ. ಕತ್ತಲಾಗುತ್ತೆ, ನಡಿ ಮನೆಗೆ ಅಂತಾನೆ ರಾಣಿಗೆ. ಅಲ್ಲಿ ಅವನ ಮುಖ ಇಲ್ಲ, ಬರೀ ರಾಣಿ ಮುಖ. ತುಟಿ ಕೂಡೋ ತಾಪತ್ರಯ ಇಲ್ಲ. ಅವತ್ತು ಸರದಾರರು ಅಂದಿದ್ದು ಅಳತೆಗೂ ಸರಿಯಾಗಿ ಕೂರುತ್ತೆ."

"ಅದು ನಂಗೆ ಅಂದಿದ್ದು ಮೇಷ್ಟ್ರೇ," ಅಂದಳು ಮಹಾರಾಣಿ.

"ಹೌದು ತಾಯಿ."

"ನನ್ನ ಹತ್ರ ಇರೋದು ಇದೊಂದೇ."

"ಹೌದು. ನಾನು ಕೇಳಲೇ ಇಲ್ಲ ಅಂದ್ಕೊಳ್ಳಿ." ಅವರು ನಿಜಕ್ಕೂ ಹೊರಟುಬಿಟ್ಟರು. ಒತ್ತಾಯ ಮಾಡದೆ ಹೋದರಲ್ಲ, ಅದೇ ಅವಳನ್ನು ಕೂತಲ್ಲಿಂದ ಏಳದಂತೆ ಮಾಡಿತು.

ಮನೆಯಲ್ಲಿ ಸರದಾರರು ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಕೂತಿದ್ದರು. ಮಡಿಲಲ್ಲಿ ಪುಟ್ಟ ಸ್ಲೇಟು. ಅವಳು ಶಾಲು ತೆಗೆದು, ನೀರು ಕುಡಿದು, ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಮೈಕು ಆರಿಸದೆ ಹೋದದ್ದು, ವೈರಿನ ಸದ್ದು, ಬಾಗಿಲ ಸದ್ದು, ಅವರು ಆಡಿದ್ದು, ತಾನು ಅಂದದ್ದು. ಅವರು ಕೇಳಿದರು. ಸ್ಲೇಟಿನ ಮೇಲೆ ಬರೆದರು: "ನಿನ್ನದು. ಕೊಡಬೇಡ."

"ಕೊಟ್ರೆ ಸರದಾರನನ್ನ ನೀವೇ ಮುಗಿಸಿದ ಹಾಗಾಗುತ್ತಲ್ಲ."

ಅವರು ಬಳಪವನ್ನು ಬೆರಳ ನಡುವೆ ಉರುಳಿಸುತ್ತ ಕೂತರು. ಬೇಡ ಎನ್ನುವ ಸನ್ನೆ ಮಾಡಲಿಲ್ಲ. ನಲವತ್ತು ವರ್ಷ ಸಂಸಾರ ಮಾಡಿದವಳಿಗೆ ಅಷ್ಟು ಸಾಕಿತ್ತು. ಬೇಕು ಎಂದು ಬಾಯಿಬಿಟ್ಟು ಕೇಳಿದ ಮನುಷ್ಯರೇ ಅಲ್ಲ ಅವರು, ಬಾಯಿದ್ದಾಗಲೂ.

"ನಂಗೆ ಕೇಳಿಸಿತಲ್ಲ, ಸಾಕು," ಅಂದಳು. "ಕೇಳಿದ್ದನ್ನ ಯಾರಾದ್ರೂ ವಾಪಸ್ ತಗೊಳ್ತಾರಾ?"

ಧ್ವನಿಮುದ್ರಣದ ದಿನ ಚಹಾ ಕೊಡುವ ಹೆಂಗಸು ಹೇಳದೆಯೇ ಬಿಸಿನೀರು ತಂದಿಟ್ಟು, ಸರದಾರರಿಗೆಂದು ಇನ್ನೊಂದು ಲೋಟವನ್ನೂ ಇಟ್ಟಳು. ಮಂತ್ರಿ ಮೊದಲು ಒಳಗೆ ಹೋಗಿ ಆ ಉದ್ದದ ಮಾತು ಹೇಳಿ ಬಂದ. ನೆಲದ ಹಲಗೆ ಸದ್ದು ಮಾಡೀತೆಂದು ಬೂಟು ಬಿಚ್ಚಿ ಬರಿಗಾಲಲ್ಲಿ ನಿಂತು ಹೇಳಿದ್ದ. ಹೊರಗೆ ಬಂದವನ ಕಣ್ಣು ಕೆಂಪಾಗಿತ್ತು.

"ಅತ್ತಿಗೆ, ಅಣ್ಣನ ಥರ ಹೇಳೋಕೆ ಹೋಗ್ಲಿಲ್ಲ ನಾನು. ಅಣ್ಣನಿಗೆ ಹೇಳೋ ಥರ ಹೇಳ್ದೆ. ಸರಿ ಆಯ್ತಾ?"

"ಸರಿ ಆಯ್ತಪ್ಪ."

"ಆ ಕಡೇ ಮಾತು ನಾನು ಮುಟ್ಟಿಲ್ಲ."

ಮಹಾರಾಣಿ ಒಳಗೆ ಹೋದಳು. ಹಿಂದೆಯೇ ಸರದಾರರೂ ಬಂದು ತಮ್ಮ ಜಾಗದಲ್ಲಿ ನಿಂತರು. ಇಂಜಿನಿಯರ್ ಎರಡನೆಯ ಹೆಡ್‌ಫೋನ್ ಚಾಚಿದ. ಅವರು ತಲೆಯಲ್ಲಾಡಿಸಿ ಬೇಡ ಎಂದರು. ತಮ್ಮ ದನಿ ಕೇಳಲು ಅವರಿಗೆ ಆಗುತ್ತಿರಲಿಲ್ಲ. ಪರದೆ ನೋಡಿಕೊಂಡು ಬೆರಳು ತಟ್ಟುವುದಕ್ಕೆ ಕಿವಿ ಬೇಕಿಲ್ಲವಲ್ಲ.

ದೀಪ ಇಳಿಯಿತು. ಪರದೆಯ ಮೇಲೆ ಅರಮನೆಯ ಹಿಂದಿನ ಕಲ್ಲಿನ ಮೆಟ್ಟಿಲು. ನೀಲಿ ನಿಲುವಂಗಿ ಮೆಟ್ಟಿಲ ಮೇಲೆ ಹರಡಿಕೊಂಡಿದೆ. ಕತ್ತಿ ಒಂದು ಕಡೆ, ಅವನು ಒಂದು ಕಡೆ. ರಾಣಿ ಕಿರೀಟವನ್ನು ತೆಗೆದು ಪಕ್ಕಕ್ಕಿಟ್ಟು ಅವನ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. ಮಂತ್ರಿಯ ದನಿಯಲ್ಲಿ ಉದ್ದದ ಮಾತು ಮುಗಿಯಿತು. ನಡುನಡುವೆ ಉಸಿರು ಮಾತ್ರ ಡಬ್ಬಿಯದು. ಮಹಾರಾಣಿಗೆ ಆ ಉಸಿರು ಗೊತ್ತು. ರಾತ್ರಿ ಪಕ್ಕದಲ್ಲಿ ಕೇಳುತ್ತಿದ್ದದ್ದು.

ಈಗ ರಾಣಿಯ ಮುಖ, ಪರದೆಯ ತುಂಬ.

"ಸಾಕು ಬಾರೇ. ಕತ್ತಲಾಗ್ತಾ ಬಂತು. ಮನೆಗೆ ಹೋಗೋಣ."

ಮಣಿಕಟ್ಟಿನ ಮೇಲೆ ಎರಡು ಬೆರಳು ತಟ್ಟಿದವು.

"ಬಂದೆ, ಇರಿ," ಅಂದಳು ಮಹಾರಾಣಿ.

ಪರದೆಯ ರಾಣಿಯ ತುಟಿಗಳು ಬೇರೇನೋ ಹೇಳುತ್ತ ಹೋದವು. ಚಿತ್ರ ನಿಂತಿತು. ಗಾಜಿನಾಚೆ ಯಾರೂ ನಗಲಿಲ್ಲ. ಮೇಷ್ಟ್ರು ತಲೆ ಎತ್ತಲಿಲ್ಲ. ಇಷ್ಟು ವರ್ಷದಲ್ಲಿ ಅವಳು ತೊದಲಿದ್ದಳು, ತಡಮಾಡಿದ್ದಳು, ಪಾತ್ರದ ಹೊರಗೆ ನಿಂತು ಮಾತ್ರ ಎಂದೂ ಮಾತಾಡಿರಲಿಲ್ಲ.

"ಅಕ್ಕಾ," ಇಂಜಿನಿಯರ್‌ನ ದನಿ ಬಹಳ ಮೆಲ್ಲಗೆ ಬಂತು, "ಆತುರ ಏನಿಲ್ಲ. ನೀರು ಕುಡೀರಿ."

ಸರದಾರರಿಗೆ ಏನು ನಡೆಯಿತೆಂದು ತಿಳಿಯಲು ಹೆಡ್‌ಫೋನು ಬೇಕಿರಲಿಲ್ಲ. ಪಕ್ಕದಲ್ಲೇ ನಿಂತು ಅವಳಂದದ್ದನ್ನು ಕೇಳಿದ್ದರು. ಫ್ಲಾಸ್ಕಿನ ಮುಚ್ಚಳಕ್ಕೆ ನೀರು ಬಗ್ಗಿಸಿ ಅವಳ ಕೈಗಿಟ್ಟರು. ಅವಳು ಕುಡಿದ ಮೇಲೆ ಬೆರಳನ್ನು ಮತ್ತೆ ಮಣಿಕಟ್ಟಿನ ಮೇಲಿಟ್ಟರು. ಆ ಬೆರಳು ತಣ್ಣಗಿತ್ತು.

ಮತ್ತೆ ಮೆಟ್ಟಿಲು, ನಿಲುವಂಗಿ, ಕಿರೀಟ. ಮತ್ತೆ ರಾಣಿಯ ಮುಖ.

"ಸಾಕು ಬಾರೇ. ಕತ್ತಲಾಗ್ತಾ ಬಂತು. ಮನೆಗೆ ಹೋಗೋಣ."

ಬೆರಳು ತಟ್ಟಿತು.

"ನೀನು ಮುಂದೆ ನಡಿ," ಅಂದಳು ಮಹಾರಾಣಿ. ರಾಣಿಯ ತುಟಿ ಅಲುಗಿದಷ್ಟೇ ಅವಳ ದನಿಯೂ ಅಲುಗಿತು. "ನನಗಿನ್ನೂ ಸ್ವಲ್ಪ ಕೆಲಸ ಇದೆ. ಹಿಂದೆಯೇ ಬರ್ತೀನಿ."

ರಾಣಿ ಅಳಲಿಲ್ಲ. ರಾಣಿ ಅಳದಿದ್ದರೆ ಇವಳೂ ಅಳುವ ಹಾಗಿಲ್ಲ, ಮೈಕು ಎಲ್ಲವನ್ನೂ ಹಿಡಿಯುತ್ತದೆ. ನಿಲುವಂಗಿಯ ಮೇಲೆ ಗಾಳಿ ಆಡಿತು. ಡಬ್ಬಿಯಿಂದ ಒಂದು ದೀರ್ಘ ಉಸಿರು ಬಂದು ಹೆಡ್‌ಫೋನಿನಲ್ಲಿ ಮುಗಿಯಿತು. ಮತ್ತೊಂದು ಬರಲಿಲ್ಲ. ಚಿತ್ರ ಕಪ್ಪಾಯಿತು.

ದೀಪ ಹಾಕಬೇಕಾದ ಇಂಜಿನಿಯರ್ ಹಾಕಲಿಲ್ಲ. ಬೆರಳು ಇನ್ನೂ ಅವಳ ಮಣಿಕಟ್ಟಿನ ಮೇಲೇ ಇತ್ತು.

ಆಮೇಲೆ ಯಾರೂ ಎಣಿಸದ್ದೊಂದು ಆಯಿತು. ಸರದಾರರು ಅವಳ ತಲೆಯಿಂದ ಹೆಡ್‌ಫೋನನ್ನು ಮೆಲ್ಲಗೆ ಬಿಡಿಸಿ ತಮ್ಮ ಕಿವಿಗೆ ಇಟ್ಟುಕೊಂಡರು. ಗಾಜಿನ ಕಡೆ ತಿರುಗಿ, ಹಾಕು ಎಂದು ಕೈಸನ್ನೆ ಮಾಡಿದರು. ಇಂಜಿನಿಯರ್ ಮಹಾರಾಣಿಯ ಮುಖ ನೋಡಿದ. ಅವಳು ಹೂಂ ಅಂದಳು.

ಅವರು ಕಣ್ಣು ಮುಚ್ಚಿ ಕೇಳಿದರು. ಹುಬ್ಬು ಒಮ್ಮೆ ಗಂಟಿಕ್ಕಿತು, ಆಮೇಲೆ ಸಡಿಲವಾಯಿತು. ಕೆನ್ನೆ ಒದ್ದೆಯಾಗಿತ್ತು. ಕುತ್ತಿಗೆಯ ಬಟ್ಟೆ ಬೇಗಬೇಗ ಏರಿ ಇಳಿಯುತ್ತಿತ್ತು. ಮುಗಿದ ಮೇಲೆ ಹೆಡ್‌ಫೋನನ್ನು ಕೆಳಗಿಟ್ಟು, ಹಿಂದೆಲ್ಲ ಮಾಡುತ್ತಿದ್ದಂತೆಯೇ, ಗಾಜಿನ ಕಡೆ ತೋರುಬೆರಳು ಎತ್ತಿದರು.

ಇನ್ನೊಂದು ಟೇಕು.

ಗಾಜಿನಾಚೆ ಮಂತ್ರಿ ಅಂಗೈಯಿಂದ ಬಾಯಿ ಮುಚ್ಚಿಕೊಂಡು ಗೋಡೆಗೆ ತಿರುಗಿದ.

ಮಹಾರಾಣಿ ಎತ್ತಿದ ಆ ಬೆರಳನ್ನು ಹಿಡಿದು, ಮಡಿಸಿ, ತನ್ನ ಅಂಗೈಯೊಳಗಿಟ್ಟುಕೊಂಡಳು. "ಇದೇ ಚೆನ್ನಾಗಿದೆ ರೀ," ಅಂದಳು. "ಇದೇ ಇರಲಿ."

ಅವರು ಅವಳ ಮುಖವನ್ನೇ ನೋಡಿದರು. ಪೂರ್ತಿ ಒಪ್ಪಿದವರಂತೆ ಕಾಣಲಿಲ್ಲ. ಕೊನೆಗೆ ತಲೆಯಾಡಿಸಿದರು. ಮೈಕಿನ ಕಂಬವನ್ನು ಒಮ್ಮೆ ಸವರಿ, ಸ್ಟೂಲನ್ನು ಗೋಡೆಗೆ ಸರಿಸಿ, ಹೋಗಿ ಬಾಗಿಲಲ್ಲಿ ನಿಂತರು. ಬಾಗಿಲು ಕಿರುಗುಟ್ಟಿತು.

ಮಹಾರಾಣಿ ವೈರು ಸುತ್ತತೊಡಗಿದಳು. ಒಂದು ಸುರುಳಿ, ಇನ್ನೊಂದು ಸುರುಳಿ, ಕೊಕ್ಕೆಗೆ. ಬಾಗಿಲಲ್ಲಿ ನಿಂತವರಿಂದ ಸದ್ದಿಲ್ಲ. ಕಾಯುತ್ತಿದ್ದಾರೆ ಎಂದು ಅವಳಿಗೆ ಬೆನ್ನಿನಲ್ಲೇ ತಿಳಿಯಿತು.

"ಬಂದೆ, ಇರಿ," ಅಂದಳು.

ಈ ಸಲ ಮೈಕು ಆರಿಸಿದ್ದರೋ ಇಲ್ಲವೋ, ಅವಳು ತಿರುಗಿ ನೋಡಲಿಲ್ಲ.